ಯಾರ ಬೆಳಗು, ಯಾರ ಸಂಜೆ?

ಪುಣೆ, ಹೈದರಾಬಾದ್, ಚೆನ್ನೈಗಳ ಐಟಿ ಆಫೀಸುಗಳಲ್ಲಿ ಅಮೆರಿಕದ ಜೊತೆ ಕೆಲಸ ಮಾಡುವವರಿಗೆ ಮಾರ್ಚ್ ತಿಂಗಳ ಎರಡನೇ ಭಾನುವಾರದ ಮಹಿಮೆ ಗೊತ್ತು. ಅವರು ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ಇಲ್ಲಿ ನಮ್ಮ ರಾತ್ರಿಯ ಮೀಟಿಂಗ್ ಒಂದು ಗಂಟೆ ಮೊದಲಾಗುತ್ತದೆ. ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ಇಂಗ್ಲೆಂಡಿನವರು ಇದೇ ಕೆಲಸವನ್ನು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಮಾಡುವುದರಿಂದ, ನಡುವಿನ ಕೆಲವು ವಾರ ಲಂಡನ್ನಿಗೂ ನ್ಯೂಯಾರ್ಕಿಗೂ ಇರುವ ಅಂತರವೇ ಬದಲಾಗಿರುತ್ತದೆ. ಕ್ಯಾಲೆಂಡರ್ ನೋಡಿ ತಲೆ ಕೆರೆದುಕೊಳ್ಳುವವರು ನಾವು. ಈ ಡೇಲೈಟ್ ಸೇವಿಂಗ್ ಟೈಮ್ ಎಂಬುದನ್ನು ಯಾರು, ಯಾಕೆ ಹುಟ್ಟಿಸಿದರು?

ಬಹಳ ಕಡೆ ಈ ಹೆಗ್ಗಳಿಕೆಯನ್ನು ಬೆಂಜಮಿನ್ ಫ್ರಾಂಕ್ಲಿನ್ನನಿಗೆ ಕಟ್ಟುತ್ತಾರೆ. ಅದು ಸರಿಯಲ್ಲ. 1784ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಫ್ರಾಂಕ್ಲಿನ್ ಅಲ್ಲಿನ ಪತ್ರಿಕೆಯೊಂದಕ್ಕೆ ತಮಾಷೆಯ ಕಾಗದ ಬರೆದ. ಒಂದು ದಿನ ಬೆಳಿಗ್ಗೆ ಆರಕ್ಕೆ ಎಚ್ಚರವಾಯಿತಂತೆ, ಆಗಲೇ ಸೂರ್ಯ ಹುಟ್ಟಿದ್ದು ಕಂಡು ಬೆರಗಾದನಂತೆ. ಮಧ್ಯಾಹ್ನದವರೆಗೆ ಮಲಗಿ ರಾತ್ರಿಯೆಲ್ಲ ಮೇಣದ ಬತ್ತಿ ಉರಿಸುವ ಬದಲು ಬೆಳಗಿನಲ್ಲಿ ಚರ್ಚಿನ ಗಂಟೆ ಬಾರಿಸಿ, ಸಾಲದಿದ್ದರೆ ಫಿರಂಗಿ ಹಾರಿಸಿ ಜನರನ್ನು ಎಬ್ಬಿಸಿ ಎಂದ. ಗಡಿಯಾರ ತಿರುಗಿಸುವ ಮಾತು ಅವನು ಎತ್ತಲೇ ಇಲ್ಲ.

ಆ ಮಾತನ್ನು ಗಂಭೀರವಾಗಿ ಎತ್ತಿದವನು ನ್ಯೂಜಿಲೆಂಡಿನ ಜಾರ್ಜ್ ವರ್ನನ್ ಹಡ್ಸನ್. ವೆಲಿಂಗ್ಟನ್ನಿನ ಅಂಚೆ ಕಚೇರಿಯಲ್ಲಿ ಪಾಳಿ ಕೆಲಸ, ಮನಸ್ಸೆಲ್ಲ ಹುಳುಹುಪ್ಪಟೆಗಳ ಮೇಲೆ. ಕೆಲಸ ಮುಗಿದ ಮೇಲೆ ಬೆಳಕು ಇನ್ನಷ್ಟು ಉಳಿದರೆ ಕೀಟ ಸಂಗ್ರಹಕ್ಕೆ ಅನುಕೂಲ. 1895ರಲ್ಲಿ ಅಲ್ಲಿನ ತತ್ತ್ವಶಾಸ್ತ್ರ ಸಂಘದ ಮುಂದೆ, ಬೇಸಿಗೆಯಲ್ಲಿ ಗಡಿಯಾರವನ್ನು ಎರಡು ಗಂಟೆ ಮುಂದಿಡಿ ಎಂದು ಸೂಚಿಸಿದಾಗ ಕೇಳಿದವರು ನಕ್ಕರು.

ಇಂಗ್ಲೆಂಡಿನ ವಿಲಿಯಂ ವಿಲೆಟ್‌ಗೆ ಹಡ್ಸನ್‌ನ ಕೀಟದ ಹುಚ್ಚಿರಲಿಲ್ಲ. ಅವನು ಲಂಡನ್ನಿನ ಶ್ರೀಮಂತ ಕಟ್ಟಡ ಗುತ್ತಿಗೆದಾರ, ಗಾಲ್ಫ್ ಆಟಗಾರ. ಬೇಸಿಗೆಯ ಬೆಳಿಗ್ಗೆ ಕುದುರೆ ಸವಾರಿಗೆ ಹೋದಾಗ ಸೂರ್ಯ ಮೇಲೇರಿದ್ದರೂ ಮನೆಗಳ ಕಿಟಕಿಗಳೆಲ್ಲ ಮುಚ್ಚಿರುವುದು ಅವನ ಕಣ್ಣು ಕುಕ್ಕಿತು. ಅದು ಸುಮ್ಮನೆ ಬಂದ ಆಲೋಚನೆಯೂ ಅಲ್ಲ. ಲಂಡನ್ನಿನಲ್ಲಿ ಜೂನ್ ಹೊತ್ತಿಗೆ ಹಗಲು ಹದಿನಾರೂವರೆ ಗಂಟೆಗೂ ಹೆಚ್ಚು; ಗಡಿಯಾರ ಮುಂದಿಡದಿದ್ದರೆ ನಾಲ್ಕಕ್ಕೆ ಮೊದಲೇ ಸೂರ್ಯೋದಯ. 1907ರಲ್ಲಿ ಅವನು ತನ್ನ ಖರ್ಚಿನಲ್ಲೇ ಕಿರುಹೊತ್ತಿಗೆ ಅಚ್ಚು ಹಾಕಿಸಿದ. ಏಪ್ರಿಲ್ಲಿನ ನಾಲ್ಕು ಭಾನುವಾರ ಇಪ್ಪತ್ತಿಪ್ಪತ್ತು ನಿಮಿಷದಂತೆ ಒಟ್ಟು 80 ನಿಮಿಷ ಮುಂದಕ್ಕೆ, ಸೆಪ್ಟೆಂಬರಿನಲ್ಲಿ ಅದೇ ರೀತಿ ಹಿಂದಕ್ಕೆ ಎಂಬುದು ಅವನ ಯೋಜನೆ. ಪಾರ್ಲಿಮೆಂಟಿನ ಮುಂದೆ ಮಸೂದೆ ಮತ್ತೆ ಮತ್ತೆ ಬಂತು, ಮತ್ತೆ ಮತ್ತೆ ಬಿತ್ತು. ವಿಲೆಟ್ 1915ರಲ್ಲಿ ತೀರಿಕೊಂಡ.

ಮರುವರ್ಷವೇ ಅದು ಜಾರಿಗೆ ಬಂತು, ಅದೂ ಶತ್ರುವಿನ ಕೈಯಿಂದ. ಮಹಾಯುದ್ಧದ ಮಧ್ಯೆ ಕಲ್ಲಿದ್ದಲು ಉಳಿಸಲು ಜರ್ಮನಿ 1916ರ ಏಪ್ರಿಲ್ 30ರಂದು ಗಡಿಯಾರ ಮುಂದಿಟ್ಟಿತು. ಮೂರು ವಾರದಲ್ಲಿ, ಮೇ 21ರಂದು, ಬ್ರಿಟನ್ ಹಿಂಬಾಲಿಸಿತು. ಎಂಟು ವರ್ಷ ವಾದ ಮಾಡಿ ಒಪ್ಪಿಸಲಾಗದ್ದನ್ನು ಯುದ್ಧ ಒಪ್ಪಿಸಿತು. ಪೆಟ್ಸ್ ವುಡ್ ಎಂಬಲ್ಲಿ ವಿಲೆಟ್ ನೆನಪಿಗೆ ಒಂದು ನೆರಳು ಗಡಿಯಾರ ನಿಲ್ಲಿಸಿದ್ದಾರೆ. ಅದು ವರ್ಷವಿಡೀ ತೋರಿಸುವುದು ಬೇಸಿಗೆಯ ವೇಳೆಯನ್ನೇ!

ರೈತರಿಗಾಗಿ ಈ ಪದ್ಧತಿ ಬಂತು ಎಂಬ ಮಾತು ಈಗಲೂ ಓಡಾಡುತ್ತದೆ. ನಡೆದದ್ದು ಇದಕ್ಕೆ ತಿರುಗುಮುರುಗು. ಅಮೆರಿಕ 1918ರಲ್ಲಿ ಇದನ್ನು ತಂದಾಗ ಎಲ್ಲರಿಗಿಂತ ಜೋರಾಗಿ ವಿರೋಧಿಸಿದವರೇ ರೈತರು. ಹುಲ್ಲಿನ ಮೇಲಿನ ಇಬ್ಬನಿ ಆರುವುದು ಬಿಸಿಲಿಗೆ, ಕಾನೂನಿಗಲ್ಲ. ಆಳುಗಳು ಬರುವುದು ಹೋಗುವುದು ಗಡಿಯಾರದ ಲೆಕ್ಕದಲ್ಲಿ. ಹೊಲ ಕೆಲಸಕ್ಕೆ ಸಿದ್ಧವಾಗುವ ಹೊತ್ತಿಗೆ ಅವರ ದಿನದಲ್ಲಿ ಒಂದು ಗಂಟೆ ಹೋಗಿರುತ್ತದೆ. ಹಸುವಿಗಂತೂ ಯಾವ ಸರಕಾರದ ಆದೇಶವೂ ತಟ್ಟುವುದಿಲ್ಲ. ಮರುವರ್ಷವೇ ಕಾಂಗ್ರೆಸ್, ಅಧ್ಯಕ್ಷ ವಿಲ್ಸನ್ನರ ವೀಟೋವನ್ನೂ ಮೀರಿ ಆ ಕಾನೂನನ್ನು ರದ್ದು ಮಾಡಿತು.

ಹಡ್ಸನ್‌ಗೆ ಬೇಕಿದ್ದದ್ದು ಸಂಜೆ, ವಿಲೆಟ್‌ಗೆ ಬೇಕಿದ್ದದ್ದೂ ಸಂಜೆ. ಆದರೆ ಸಂಜೆಗೆ ಸೇರಿಸಿದ ಬೆಳಕು ಮುಂಜಾನೆಯಿಂದಲೇ ಬರಬೇಕು. ಹಾಗಾಗಿ ಪ್ರತಿ ಸಲವೂ ಬೆಲೆ ತೆರುವವರು ಬೇಗ ಏಳಬೇಕಾದವರೇ. 1974ರ ಜನವರಿಯಲ್ಲಿ, ಪೆಟ್ರೋಲ್ ಬಿಕ್ಕಟ್ಟಿನ ಕಾಲದಲ್ಲಿ, ಅಮೆರಿಕ ಚಳಿಗಾಲದಲ್ಲೂ ಗಡಿಯಾರ ಮುಂದಿಟ್ಟು ನೋಡಿತು. ಮಕ್ಕಳು ಕಗ್ಗತ್ತಲಲ್ಲಿ ಶಾಲೆಗೆ ಹೊರಡಬೇಕಾಯಿತು. ಅದೇ ವರ್ಷ ಆ ಪ್ರಯೋಗವನ್ನು ಕೈಬಿಟ್ಟರು.

ಉಳಿತಾಯದ ವಿಷಯಕ್ಕೆ ಬಂದರೆ, ಲೆಕ್ಕ ಬಡವಾಗಿದೆ. 2007ರಿಂದ ಅಮೆರಿಕ ಈ ಅವಧಿಯನ್ನು ನಾಲ್ಕು ವಾರ ಹೆಚ್ಚಿಸಿತು. ಅಲ್ಲಿನ ಇಂಧನ ಇಲಾಖೆಯ ಪ್ರಕಾರ ಆ ವಾರಗಳಲ್ಲಿ ಉಳಿದದ್ದು ದಿನದ ವಿದ್ಯುತ್ತಿನ ಶೇಕಡಾ 0.5, ಇಡೀ ವರ್ಷಕ್ಕೆ ಹರಡಿದರೆ ಶೇಕಡಾ 0.03. ಇಂಡಿಯಾನಾ ರಾಜ್ಯದ ಬಹುಭಾಗ 2006ರವರೆಗೆ ಈ ಪದ್ಧತಿಯಿಂದ ಹೊರಗಿತ್ತು. ಆಮೇಲೆ ಒಳಗೆ ಬಂದಾಗ ಇಬ್ಬರು ಅರ್ಥಶಾಸ್ತ್ರಜ್ಞರು ಮನೆಗಳ ಬಿಲ್ಲುಗಳನ್ನು ಹೋಲಿಸಿ ನೋಡಿದರು. ಬಳಕೆ ಶೇಕಡಾ ಒಂದರಷ್ಟು ಏರಿತ್ತು. ದೀಪದಲ್ಲಿ ಉಳಿದದ್ದನ್ನು ಏಸಿ ನುಂಗಿತ್ತು. ವಿಲೆಟ್‌ನ ಕಾಲದಲ್ಲಿ ದೀಪವೇ ದೊಡ್ಡ ಖರ್ಚು, ಈಗ ಹಾಗಿಲ್ಲ.

ನಮಗೆ ಇದೆಲ್ಲ ಹೊರಗಿನವರ ಗೋಳು ಎನಿಸಬಹುದು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ; ಅಷ್ಟಕ್ಕೆ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವುದು ದಂಡ. ಆದರೆ ಮುಂಬೈಯಲ್ಲಿರುವವರು ಒಂದು ಬಗೆಯಲ್ಲಿ ಕಾಯಂ ಡೇಲೈಟ್ ಸೇವಿಂಗ್‌ನಲ್ಲೇ ಬದುಕುತ್ತಿದ್ದಾರೆ. ಆ ಊರಿನ ಸ್ವಂತ ವೇಳೆ ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದಿತ್ತು. ಇಡೀ ದೇಶಕ್ಕೆ ಐದೂವರೆ ಗಂಟೆಯ ಒಂದೇ ವೇಳೆ ಎಂದು 1906ರ ಜನವರಿ 1ರಂದು ಸರಕಾರ ನಿಗದಿ ಮಾಡಿದಾಗ ಬಾಂಬೆಯ ಗಡಿಯಾರ 39 ನಿಮಿಷ ಮುಂದೆ ಜಿಗಿಯಬೇಕಾಯಿತು.

ಮೂವತ್ತೊಂಬತ್ತು ನಿಮಿಷ ಏನು ಮಹಾ ಎನ್ನಬೇಡಿ. ಆರು ಗಂಟೆಗೆ ಬಾ ಎಂದರೆ ಹಳೆಯ ಲೆಕ್ಕದಲ್ಲಿ ಐದು ಇಪ್ಪತ್ತೊಂದಕ್ಕೇ ಗೇಟಿನಲ್ಲಿರಬೇಕು. ಕೈಗಡಿಯಾರವಿಲ್ಲದೆ ಬೆಳಕು ನೋಡಿ ಚಾಳಿನಿಂದ ಹೊರಡುತ್ತಿದ್ದ ಗಿರಣಿ ಕಾರ್ಮಿಕರಿಗೆ ಇದು ಕತ್ತಲಲ್ಲಿ ಏಳುವ ಶಿಕ್ಷೆ. ಆ ಜನವರಿಯಲ್ಲಿ ಸಾವಿರಾರು ಕಾರ್ಮಿಕರು ಹೊಸ ವೇಳೆಗೆ ಕೆಲಸಕ್ಕಿಳಿಯಲು ನಿರಾಕರಿಸಿದರು. ಕಲ್ಲು ತೂರಾಟವೂ ನಡೆಯಿತು. ಬಂಗಾಳದ ವಿಭಜನೆಯ ಸಿಟ್ಟು ಇನ್ನೂ ಹಸಿಯಾಗಿದ್ದ ದಿನಗಳವು, ಸರಕಾರ ಹೇರಿದ ಗಡಿಯಾರವೂ ಪರಕೀಯವಾಗಿಯೇ ಕಂಡಿತು. ನಗರಸಭೆ ಬಾಂಬೆ ಟೈಮನ್ನೇ ಹಿಡಿದುಕೊಂಡಿತು. ರೈಲಿಗೆ ಒಂದು ವೇಳೆ, ನಗರಸಭೆಗೆ ಇನ್ನೊಂದು. ಸ್ವಾತಂತ್ರ್ಯ ಬಂದ ಮೇಲೂ ಈ ದ್ವಂದ್ವ ನಡೆದು, 1955ರಲ್ಲಿ ಕೊನೆಯಾಯಿತು.

ಈ ನಡುವೆ ನಿಜವಾದ ಡೇಲೈಟ್ ಸೇವಿಂಗ್ ಕೂಡ ಒಮ್ಮೆ ಬಂದು ಹೋಗಿದೆ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಭಾರತದ ಗಡಿಯಾರ ಒಂದು ಗಂಟೆ ಮುಂದಿತ್ತು. ಮುಂಬೈಯ ಸೂರ್ಯನ ಲೆಕ್ಕಕ್ಕೆ ಹೋಲಿಸಿದರೆ ಒಂದು ಗಂಟೆ ಮೂವತ್ತೊಂಬತ್ತು ನಿಮಿಷ! ಇಲ್ಲೂ ಕಾರಣ ಯುದ್ಧವೇ.

ಈಚೆಗೆ ಮತ್ತೆ ಈ ಮಾತು ಎತ್ತಿದವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ ಮತ್ತು ಡಿ. ಪಿ. ಸೇನ್‌ಗುಪ್ತ. ವರ್ಷಕ್ಕೆರಡು ಸಲ ತಿರುಗಿಸುವ ರಗಳೆ ಬೇಡ, ಎರಡು ವೇಳೆಗಳೂ ಬೇಡ. ಇಡೀ ದೇಶದ ಗಡಿಯಾರವನ್ನು ಒಂದೇ ಸಲ ಅರ್ಧ ಗಂಟೆ ಮುಂದಿಟ್ಟು ಬಿಟ್ಟುಬಿಡೋಣ ಎಂಬುದು ಅವರ ಸಲಹೆ. ನಮ್ಮಲ್ಲಿ ಆಗ ವಿದ್ಯುತ್ತಿಗೆ ಅತಿ ಹೆಚ್ಚು ಬೇಡಿಕೆ ಬರುತ್ತಿದ್ದದ್ದು ದೀಪ ಹಚ್ಚುವ ಸಂಜೆಯಲ್ಲಿ, ಹಾಗಾಗಿ ವರ್ಷಕ್ಕೆ 200 ಕೋಟಿ ಯೂನಿಟ್ಟಿಗೂ ಹೆಚ್ಚು ಉಳಿತಾಯ ಎಂದು ಅವರು ಲೆಕ್ಕ ಹಾಕಿದ್ದರು. ಅಮೆರಿಕದ ಲೆಕ್ಕಕ್ಕಿಂತ ಇದು ಗಟ್ಟಿಯೆಂದು ನನಗನಿಸುತ್ತದೆ, ಆದರೆ ಮನೆಮನೆಗೂ ಎಲ್‌ಇಡಿ ಬರುವ ಮುಂಚಿನ ಲೆಕ್ಕವದು.

ಗುವಾಹಾಟಿಯಲ್ಲಿ ಡಿಸೆಂಬರ್ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಅಸ್ಸಾಮಿನ ಚಹಾ ತೋಟಗಳಂತೂ ಬ್ರಿಟಿಷರ ಕಾಲದಿಂದಲೂ ಒಂದು ಗಂಟೆ ಮುಂದಿನ ತೋಟದ ವೇಳೆಯನ್ನೇ ಇಟ್ಟುಕೊಂಡಿವೆ. ಅವರಿಗೆ ಆ ಅರ್ಧ ಗಂಟೆ ದೊಡ್ಡ ಉಪಕಾರ. ಅದೇ ಅರ್ಧ ಗಂಟೆ ಪಶ್ಚಿಮಕ್ಕೆ ಬಂದಾಗ ಬೇರೆಯೇ ಆಗುತ್ತದೆ. ಮುಂಬೈಯಲ್ಲಿ ಜನವರಿಯ ಸೂರ್ಯೋದಯ ಈಗಲೇ ಏಳೂಕಾಲರ ಹತ್ತಿರ, ಆಗ ಅರ್ಧ ಗಂಟೆ ಮುಂದೆ ಹೋಗಿ ಏಳೂಮುಕ್ಕಾಲು. ಬೆಳಗಿನ ಪಾಳಿಯ ಶಾಲೆಗೆ ಏಳಕ್ಕೆ ಹೋಗುವ ಮಗು, ಅದಕ್ಕೂ ಮೊದಲು ಡಬ್ಬಿ ಕಟ್ಟುವ ತಾಯಿ, ಅವರಿಬ್ಬರಿಗಿಂತ ಮೊದಲು ಎದ್ದು ವಿರಾರ್ ಲೋಕಲ್ ಹಿಡಿಯುವ ಮನೆಗೆಲಸದಾಕೆ: ಈ ಲೆಕ್ಕ ಹಾಕುವಾಗ ಇವರನ್ನು ಯಾರಾದರೂ ಕೇಳಬೇಕಲ್ಲ.