ಯುಎಸ್‌ಬಿ ಐಸೊಲೇಟರ್

ಯುಎಸ್‌ಬಿ ಐಸೊಲೇಟರ್ ಎಂಬುದು ಕಂಪ್ಯೂಟರ್ ಮತ್ತು ಅದಕ್ಕೆ ಯುಎಸ್‌ಬಿ ತಂತಿಯ ಮೂಲಕ ಜೋಡಿಸಿದ ಉಪಕರಣದ ನಡುವೆ ಇರಿಸುವ ಪುಟ್ಟ ವಿದ್ಯುನ್ಮಾನ ಸಾಧನ. ಇದು ಎರಡೂ ಕಡೆಯ ಮಾಹಿತಿಯನ್ನು ಹಾದುಹೋಗಲು ಬಿಟ್ಟು, ಲೋಹದ ತಂತಿಯಿಂದ ಉಂಟಾಗುವ ನೇರ ವಿದ್ಯುತ್ ಸಂಪರ್ಕವನ್ನು ಮಾತ್ರ ಕಡಿಯುತ್ತದೆ. ವೈದ್ಯಕೀಯ ಮತ್ತು ಕೈಗಾರಿಕಾ ಮಾಪನಗಳಲ್ಲಿ ರೋಗಿಯ ಹಾಗೂ ಯಂತ್ರದ ರಕ್ಷಣೆಗಾಗಿ ಬಳಕೆಯಲ್ಲಿರುವ ಈ ಸಾಧನವನ್ನು ಧ್ವನಿಮುದ್ರಣ ಮತ್ತು ಧ್ವನಿವರ್ಧಕ ವ್ಯವಸ್ಥೆಗಳಲ್ಲಿ ಕಂಪ್ಯೂಟರಿನ ಕಡೆಯಿಂದ ನುಸುಳುವ ಗುಂಯ್‌ಗುಟ್ಟುವ ಸದ್ದನ್ನು ತಗ್ಗಿಸಲು ಉಪಯೋಗಿಸುತ್ತಾರೆ. ಇದು ನಿವಾರಿಸುವುದು ಒಂದೇ ಬಗೆಯ ದೋಷವನ್ನು. ಆ ದೋಷ ಇಲ್ಲದ ಕಡೆ ಇದರಿಂದ ಯಾವ ಪ್ರಯೋಜನವೂ ಇಲ್ಲ.

ಸದ್ದಿನ ಮೂಲ

ಯುಎಸ್‌ಬಿ 2.0 ತಂತಿಯೊಳಗೆ ನಾಲ್ಕು ಎಳೆಗಳಿರುತ್ತವೆ. ಎರಡು ಮಾಹಿತಿಯನ್ನು ಒಯ್ಯುತ್ತವೆ, ಒಂದು 5 ವೋಲ್ಟ್ ವಿದ್ಯುತ್ತನ್ನು ಕೊಡುತ್ತದೆ, ನಾಲ್ಕನೆಯದು ಗ್ರೌಂಡ್. ಇವುಗಳ ಸುತ್ತ ಲೋಹದ ಹೊದಿಕೆಯೂ ಇರುತ್ತದೆ. ಧ್ವನಿ ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸಿದೊಡನೆ ಎರಡರ ಗ್ರೌಂಡ್ ಒಂದಾಗುತ್ತದೆ. ಆ ಧ್ವನಿ ಕಾರ್ಡಿನಿಂದ ಆಂಪ್ಲಿಫೈಯರಿಗೆ ಇನ್ನೊಂದು ತಂತಿ ಹೋದಾಗ ಆಂಪ್ಲಿಫೈಯರಿನ ಗ್ರೌಂಡ್ ಕೂಡ ಅದೇ ಸರಪಳಿಗೆ ಸೇರುತ್ತದೆ. ಕಂಪ್ಯೂಟರ್ ಒಂದು ಗೋಡೆಯ ಪ್ಲಗ್ಗಿನಿಂದಲೂ ಆಂಪ್ಲಿಫೈಯರ್ ಇನ್ನೊಂದು ಕೋಣೆಯ ಪ್ಲಗ್ಗಿನಿಂದಲೂ ವಿದ್ಯುತ್ ಪಡೆಯುತ್ತಿದ್ದರೆ, ಎರಡರ ಅರ್ಥಿಂಗ್ ತಂತಿಗಳು ಗೋಡೆಯೊಳಗೆ ಸೇರಿ ಒಂದು ದೊಡ್ಡ ಬಳೆಯಂಥ ಮಾರ್ಗ ಏರ್ಪಡುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎಂದು ಹೆಸರು. ಅರ್ಥಿಂಗ್‌ನ ಎರಡು ಬಿಂದುಗಳ ನಡುವೆ ಕೆಲವೇ ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಆ ಬಳೆಯಲ್ಲಿ 50 ಹರ್ಟ್ಜ್‌ನ ಪ್ರವಾಹ ಹರಿಯುತ್ತದೆ. ಆಂಪ್ಲಿಫೈಯರ್ ಅದನ್ನೂ ಸಂಗೀತವೆಂದೇ ತಿಳಿದು ದೊಡ್ಡದು ಮಾಡುತ್ತದೆ.

ಅರ್ಥಿಂಗ್ ಇಲ್ಲದ ಕಡೆಯೂ ಸದ್ದು ತಪ್ಪುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜರಿನೊಳಗೆ ಮೇನ್ಸ್‌ನ ಎರಡೂ ತಂತಿಗಳಿಂದ ಗ್ರೌಂಡ್‌ಗೆ ಸಣ್ಣ ಕೆಪಾಸಿಟರುಗಳನ್ನು ಜೋಡಿಸಿರುತ್ತಾರೆ. ಅವು ಇರುವುದು ಚಾರ್ಜರಿನ ತೀವ್ರಗತಿಯ ವಿದ್ಯುತ್ ಗದ್ದಲವನ್ನು ಅರ್ಥಿಂಗ್‌ಗೆ ಇಳಿಸಲೆಂದು. ಮೂರನೆಯ ಪಿನ್ನಿಗೆ ಸಂಪರ್ಕವೇ ಇಲ್ಲದಿದ್ದರೆ, ಆ ಕೆಪಾಸಿಟರುಗಳು 230 ವೋಲ್ಟನ್ನು ನಡುವೆ ಹಂಚಿಕೊಂಡು ಲ್ಯಾಪ್‌ಟಾಪಿನ ಮೈಯನ್ನು ಸುಮಾರು ಅರ್ಧದಷ್ಟು ವೋಲ್ಟೇಜಿಗೆ ಏರಿಸುತ್ತವೆ. ಲೋಹದ ಮೈಯ ಲ್ಯಾಪ್‌ಟಾಪಿನ ಮೇಲೆ ಬೆರಳು ಆಡಿಸಿದಾಗ ಜುಮ್ಮೆನ್ನುವುದು ಇದರಿಂದಲೇ. ಪ್ರವಾಹ ಅತ್ಯಲ್ಪವಾದ್ದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಅದು ಯುಎಸ್‌ಬಿ ತಂತಿಯ ಗ್ರೌಂಡ್ ಮೂಲಕ ಆಂಪ್ಲಿಫೈಯರಿನ ಕಡೆಗೆ ಹರಿದಾಗ ಧ್ವನಿಗೆ ಧಾರಾಳವಾಗಿ ಕೇಡು ಮಾಡುತ್ತದೆ.

ಎರೆಮಣ್ಣು ಮತ್ತು ಅರ್ಥಿಂಗ್

ರಾಯಚೂರಿನ ಬಳಿ ಕೃಷ್ಣಾ ತೀರದ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ವಿದ್ಯುತ್ ಎಷ್ಟು ಹತ್ತಿರದಲ್ಲಿ ಹುಟ್ಟುತ್ತದೆ ಎಂಬುದಕ್ಕೂ ಧ್ವನಿಯ ಸ್ವಚ್ಛತೆಗೂ ಸಂಬಂಧವಿಲ್ಲ. ಸದ್ದನ್ನು ನಿರ್ಧರಿಸುವುದು ಮನೆಯೊಳಗಿನ ವೈರಿಂಗ್ ಮತ್ತು ಮನೆಯ ಹಿಂದಿನ ಅರ್ಥಿಂಗ್ ಗುಂಡಿ.

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಇರುವ ಸೀಮೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಬಯಲಿನಲ್ಲಿ, ಎರೆಮಣ್ಣು ಹೇರಳ. ಹಸಿಯಾಗಿರುವಾಗ ಈ ಮಣ್ಣು ವಿದ್ಯುತ್ತನ್ನು ಚೆನ್ನಾಗಿಯೇ ಒಯ್ಯುತ್ತದೆ. ಬೇಸಿಗೆಯಲ್ಲಿ ಅದು ಕುಗ್ಗಿ ಬಿರುಕುಬಿಡುತ್ತದೆ. ಹೂತ ಸಲಾಕೆಯ ಸುತ್ತ ಸಂದು ಬಿದ್ದರೆ ಅರ್ಥಿಂಗ್‌ನ ರೋಧ ಏರುತ್ತದೆ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವ ಹಳೆಯ ರೂಢಿಗೆ ಇದೇ ಕಾರಣ. ಮಳೆಗಾಲದಲ್ಲಿ ಸುಮ್ಮನಿದ್ದ ವ್ಯವಸ್ಥೆ ಏಪ್ರಿಲ್‌ನಲ್ಲಿ ಗುಂಯ್‌ಗುಡಲು ಆರಂಭಿಸಿದರೆ ಮೊದಲು ನೋಡಬೇಕಾದದ್ದು ಆ ಗುಂಡಿಯನ್ನು. ಭಾರತದಲ್ಲಿ ಅರ್ಥಿಂಗ್ ಕುರಿತ ಮಾನಕ ಐಎಸ್ 3043.

ಕರೆಂಟು ಹೋದಾಗ ಬಳಸುವ ಮನೆಯ ಇನ್ವರ್ಟರ್ ಇನ್ನೊಂದು ತೊಡಕು. ಅಗ್ಗದ ಚೌಕ ಅಲೆಯ ಇನ್ವರ್ಟರಿನ ವಿದ್ಯುತ್ತಿನಲ್ಲಿ 50 ಹರ್ಟ್ಜ್ ಜೊತೆಗೆ 150, 250, 350 ಹರ್ಟ್ಜ್‌ನಂಥ ಬೆಸ ಗುಣಕಗಳೂ ಬೆರೆತಿರುತ್ತವೆ. ಆಗ ಮಂದ್ರದ ಗುಂಯ್‌ ಸದ್ದು ಹರಿತವಾದ ಕರಕರ ಸದ್ದಾಗಿ ಮಾರ್ಪಡುತ್ತದೆ; ಅದೇ ಇನ್ವರ್ಟರಿನಲ್ಲಿ ಫ್ಯಾನು ಗೊಣಗುವುದೂ ಈ ಕಾರಣದಿಂದಲೇ.

ಸದ್ದನ್ನು ಗುರುತಿಸುವುದು

ಐಸೊಲೇಟರ್ ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಸರಳವಾದದ್ದು, ಖರ್ಚಿಲ್ಲದ್ದು. ಲ್ಯಾಪ್‌ಟಾಪಿನ ಚಾರ್ಜರನ್ನು ಗೋಡೆಯಿಂದ ಕಿತ್ತು ಬ್ಯಾಟರಿಯಲ್ಲಿ ನಡೆಸಬೇಕು. ಸದ್ದು ಅಡಗಿದರೆ ದೋಷ ಚಾರ್ಜರಿನ ಮಾರ್ಗದಲ್ಲಿದೆ ಎಂದರ್ಥ. ಅಲ್ಲಿ ಐಸೊಲೇಟರ್ ಕೆಲಸ ಮಾಡುವ ಸಂಭವ ಹೆಚ್ಚು. ಸದ್ದು ಹಾಗೆಯೇ ಉಳಿದರೆ ಮೈಕ್, ಮೈಕ್‌ನ ತಂತಿ ಅಥವಾ ಆಂಪ್ಲಿಫೈಯರನ್ನು ಶಂಕಿಸಬೇಕು.

ಸದ್ದಿನ ಸ್ವರೂಪವೂ ಮೂಲವನ್ನು ಸೂಚಿಸುತ್ತದೆ. ಗ್ರೌಂಡ್ ಲೂಪ್ 50 ಹರ್ಟ್ಜ್ ಮತ್ತು ಅದರ ಗುಣಕಗಳಲ್ಲಿ ಕೇಳಿಸುತ್ತದೆ. ಮೌಸ್ ಆಡಿಸಿದಾಗ ಅಥವಾ ಪರದೆ ಜರುಗಿಸಿದಾಗ ಏರಿಳಿಯುವ ಕೀಚಲು ಧ್ವನಿ ಕಂಪ್ಯೂಟರಿನ ಒಳಗಿನ ವಿದ್ಯುತ್ ಏರುಪೇರಿನದು. ಕೆಲವು ಉಪಕರಣಗಳಲ್ಲಿ 1000 ಅಥವಾ 8000 ಹರ್ಟ್ಜ್‌ನ ಸಣ್ಣ ಸಿಳ್ಳೆ ಕೇಳಿಬರುತ್ತದೆ. ಯುಎಸ್‌ಬಿಯ ಮಾಹಿತಿ ಸೆಕೆಂಡಿಗೆ 1000 ಕಂತುಗಳಲ್ಲಿ, ಹೈ-ಸ್ಪೀಡ್ ಬಗೆಯಲ್ಲಿ 8000 ಕಂತುಗಳಲ್ಲಿ ಚಲಿಸುವುದೇ ಇದರ ಕಾರಣ. ಈ ಮೂರನ್ನೂ ಐಸೊಲೇಟರ್ ತಗ್ಗಿಸಬಲ್ಲದು. ಒಂದೇ ಸಮನೆ ಮಳೆ ಸುರಿದಂತೆ ಕೇಳುವ ಸುಯ್ ಸದ್ದು ಮಾತ್ರ ಮೈಕ್‌ ಸಂಕೇತವನ್ನು ಹಿಗ್ಗಿಸುವ ಮಂಡಲದ್ದು, ಅದಕ್ಕೆ ಇಲ್ಲಿ ಪರಿಹಾರವಿಲ್ಲ.

ತಂಬೂರಿ ಇಟ್ಟುಕೊಂಡು ಹಾಡುವ ಸಂಗೀತದಲ್ಲಿ ಈ ದೋಷ ವಿಶೇಷವಾಗಿ ಬಾಧಿಸುತ್ತದೆ. 100 ಹರ್ಟ್ಜ್‌ನ ಸದ್ದು ಹಾರ್ಮೋನಿಯಂನ ಬಿಳಿ ಐದರ ಮಂದ್ರ ಸ್ವರಕ್ಕೆ, ಅಂದರೆ 98 ಹರ್ಟ್ಜ್‌ಗೆ, ತುಸು ಮೇಲೆ ಬರುತ್ತದೆ. ಹಾಡುಗಾರರ ಶ್ರುತಿ ಯಾವುದೇ ಇರಲಿ, ಹಿನ್ನೆಲೆಯಲ್ಲಿ ಶ್ರುತಿ ಸೇರದ ಎರಡನೆಯ ತಂಬೂರಿಯೊಂದು ಎಡೆಬಿಡದೆ ಮಿಡಿದಂತಾಗುತ್ತದೆ. ವಿಜಯದಾಸರು ಹುಟ್ಟಿದ ಚೀಕಲಪರವಿ, ಜಗನ್ನಾಥದಾಸರು ನೆಲೆಸಿದ್ದ ಮಾನ್ವಿ ಇರುವ ಈ ನಾಡಿನಲ್ಲಿ ದಾಸರ ಪದ, ತತ್ತ್ವಪದಗಳನ್ನು ಹಿರಿಯರ ಬಾಯಿಂದ ಮುದ್ರಿಸಿಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ. ಮುದ್ರಿಕೆಯಲ್ಲಿ ಒಮ್ಮೆ ಬೆರೆತ ಸದ್ದನ್ನು ತಂತ್ರಾಂಶದಿಂದ ತೆಗೆಯುವಾಗ ಅದೇ ಕಂಪನಾಂಕದ ಗಂಡುದನಿಯ ಸ್ವಲ್ಪ ಭಾಗವೂ ಹೋಗಿಬಿಡುತ್ತದೆ. ಹಾಡಿದ ಹಿರಿಯರನ್ನು ಮತ್ತೊಮ್ಮೆ ಹಾಡಿಸುವ ಅವಕಾಶ ಎಲ್ಲ ಕಾಲಕ್ಕೂ ಇರುವುದಿಲ್ಲ.

ರಚನೆ

ಐಸೊಲೇಟರಿನ ಎರಡು ಭಾಗಗಳ ನಡುವೆ ವಿದ್ಯುತ್ ಹರಿಯದ ಅವಾಹಕ ಪದರವಿರುತ್ತದೆ. ಮಾಹಿತಿ ಆ ಪದರವನ್ನು ಕಾಂತಕ್ಷೇತ್ರದ, ವಿದ್ಯುತ್ ಕ್ಷೇತ್ರದ ಅಥವಾ ಬೆಳಕಿನ ರೂಪದಲ್ಲಿ ದಾಟುತ್ತದೆ. ಅನಲಾಗ್ ಡಿವೈಸಸ್ ಸಂಸ್ಥೆಯ ಎಡಿಯುಎಂ4160 ಚಿಪ್ಪಿನಲ್ಲಿ ತೆಳುವಾದ ಪಾಲಿಇಮೈಡ್ ಪದರದ ಎರಡು ಬದಿಗೆ ಅತಿ ಸಣ್ಣ ಸುರುಳಿಗಳಿದ್ದು, ಅವು ಟ್ರಾನ್ಸ್‌ಫಾರ್ಮರಿನಂತೆ ಕೆಲಸ ಮಾಡುತ್ತವೆ. ಇದು 5000 ವೋಲ್ಟನ್ನು ಒಂದು ನಿಮಿಷ ತಾಳಬಲ್ಲದೆಂದು ನಮೂದಾಗಿದೆ. ಯುಎಸ್‌ಬಿಯಲ್ಲಿ ಅದೇ ಎರಡು ಎಳೆಗಳ ಮೇಲೆ ಮಾಹಿತಿ ಹೋಗುವುದೂ ಬರುವುದೂ ಇರುವುದರಿಂದ, ಈಗ ಯಾವ ಕಡೆಯವರ ಸರದಿ ಎಂಬುದನ್ನು ಚಿಪ್ಪೇ ಅರಿತುಕೊಳ್ಳಬೇಕಾಗುತ್ತದೆ. ಯುಎಸ್‌ಬಿ ಐಸೊಲೇಟರ್‌ಗಳು ಉಳಿದ ಬಗೆಯ ಐಸೊಲೇಟರುಗಳಿಗಿಂತ ಜಟಿಲವಾಗಲು ಇದು ಮುಖ್ಯ ಕಾರಣ.

ಆಚೆ ಬದಿಗೆ ಬೇಕಾದ 5 ವೋಲ್ಟನ್ನು ಒಂದು ಪುಟ್ಟ ಡಿಸಿ-ಡಿಸಿ ಪರಿವರ್ತಕ ಒದಗಿಸುತ್ತದೆ. ಇದೂ ತನ್ನದೇ ಆದ ತೀವ್ರಗತಿಯ ಗದ್ದಲವನ್ನು ಹುಟ್ಟಿಸುತ್ತದೆ. ಅಗ್ಗದ ಐಸೊಲೇಟರ್ ಹಾಕಿದ ಮೇಲೆ ಗುಂಯ್‌ ಸದ್ದು ಹೋಗಿ ಹೊಸ ಸಿಳ್ಳೆ ಬಂತೆಂದರೆ ಅದು ಈ ಪರಿವರ್ತಕದ ಕೊಡುಗೆ.

ವೇಗ ಮತ್ತು ವಿದ್ಯುತ್ತಿನ ಮಿತಿ

ಮೇಲೆ ಹೇಳಿದ ಚಿಪ್ಪು ಸೆಕೆಂಡಿಗೆ 12 ಮೆಗಾಬಿಟ್‌ನ ಫುಲ್-ಸ್ಪೀಡ್ ಬಗೆಗೆ ಸೀಮಿತ. ಸಿ.ಡಿ. ಗುಣಮಟ್ಟದ ಸ್ಟೀರಿಯೊ ಧ್ವನಿಗೆ ಬೇಕಾಗುವುದು ಸುಮಾರು 1.41 ಮೆಗಾಬಿಟ್, 24 ಬಿಟ್, 96 ಕಿಲೊಹರ್ಟ್ಜ್‌ನ ಧ್ವನಿಗೆ ಸುಮಾರು 4.6 ಮೆಗಾಬಿಟ್. ಆದ್ದರಿಂದ ಸಾಮಾನ್ಯ ಧ್ವನಿ ಕಾರ್ಡುಗಳಿಗೆ ಇದು ಸಾಕು. ಎಂಟು ವಾಹಿನಿಯ ಮಿಕ್ಸರ್‌ನಂಥ, 480 ಮೆಗಾಬಿಟ್‌ನ ಹೈ-ಸ್ಪೀಡ್ ಬೇಡುವ ಉಪಕರಣಗಳಿಗೆ ಸಾಲದು. ಅವುಗಳಿಗೆ ಅನಲಾಗ್ ಡಿವೈಸಸ್‌ನ ಎಡಿಯುಎಂ4166, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಐಎಸ್‌ಒಯುಎಸ್‌ಬಿ211 ಮುಂತಾದ ನಂತರದ ಚಿಪ್ಪುಗಳಿರುವ, ಬೆಲೆ ಹೆಚ್ಚಿನ ಐಸೊಲೇಟರುಗಳೇ ಬೇಕು.

ವಿದ್ಯುತ್ತಿನ ಮಿತಿಯಿಂದಾಗುವ ತೊಂದರೆ ಇನ್ನೂ ಸಾಮಾನ್ಯ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್ ಕೊಡಬಲ್ಲದು; 1 ವ್ಯಾಟ್ ಪರಿವರ್ತಕವಿರುವ ಅಗ್ಗದ ಐಸೊಲೇಟರ್ ಕೊಡುವುದು 200 ಮಿಲಿಆಂಪಿಯರ್ ಮಾತ್ರ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಒದಗಿಸುವ ಧ್ವನಿ ಕಾರ್ಡನ್ನು ಇಂಥದಕ್ಕೆ ಜೋಡಿಸಿದರೆ ಅದು ಪದೇ ಪದೇ ಸಂಪರ್ಕ ಕಳೆದುಕೊಳ್ಳಬಹುದು. ದೋಷ ಧ್ವನಿ ಕಾರ್ಡಿನದೆಂದು ಭಾವಿಸಿ ದುರಸ್ತಿಗೆ ಕೊಡುವ ಮೊದಲು ಐಸೊಲೇಟರ್ ತೆಗೆದು ನೋಡುವುದು ಒಳಿತು.

ಉಪಯೋಗವಾಗದ ಸಂದರ್ಭಗಳು

ಶಾಲಾ ವಾರ್ಷಿಕೋತ್ಸವಗಳಲ್ಲಿ ಲ್ಯಾಪ್‌ಟಾಪಿನ ಹೆಡ್‌ಫೋನ್ ರಂಧ್ರದಿಂದ ನೇರವಾಗಿ ಆಂಪ್ಲಿಫೈಯರಿಗೆ ತಂತಿ ಎಳೆಯುವುದು ವಾಡಿಕೆ. ಧ್ವನಿ ಯುಎಸ್‌ಬಿ ಮಾರ್ಗದಲ್ಲಿ ಹೋಗುತ್ತಲೇ ಇಲ್ಲವಾದ್ದರಿಂದ ಇಲ್ಲಿ ಈ ಸಾಧನ ನಿರುಪಯುಕ್ತ. ಧ್ವನಿಯ ತಂತಿಯಲ್ಲೇ ಸಣ್ಣ ಟ್ರಾನ್ಸ್‌ಫಾರ್ಮರ್ ಇರುವ ಆಡಿಯೊ ಐಸೊಲೇಟರ್ ಬಳಸಬೇಕು. ಯುಎಸ್‌ಬಿ ಧ್ವನಿ ಕಾರ್ಡಿನ ಜೊತೆಗೆ ಅದೇ ಕಂಪ್ಯೂಟರಿನಿಂದ ಇನ್ನೊಂದು ತಂತಿ ಮಿಕ್ಸರಿಗೆ ಹೋಗಿದ್ದರೆ, ಕಡಿದ ಬಳೆ ಆ ದಾರಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ.

ಐಸೊಲೇಟರ್ ಹಾಕಿದರೆ ಸಂಗೀತ ಹೆಚ್ಚು ಮಧುರವಾಗುತ್ತದೆ, ವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ ಎಂಬ ಮಾತುಗಳು ಮಾರಾಟದ ಬರಹಗಳಲ್ಲಿ ಕಾಣುತ್ತವೆ. ಡಿಜಿಟಲ್ ಮಾಹಿತಿ ತಪ್ಪಿಲ್ಲದೆ ತಲುಪುತ್ತಿದ್ದು, ಗ್ರೌಂಡ್ ಮೂಲಕ ಸದ್ದು ನುಸುಳದೇ ಇದ್ದರೆ, ಸುಧಾರಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಸುರಕ್ಷತೆ

ಗುಂಯ್‌ ಸದ್ದು ನಿಲ್ಲಿಸಲು ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿಯುವ ಅಥವಾ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವ ಅಭ್ಯಾಸ ವ್ಯಾಪಕವಾಗಿದೆ. ಗ್ರೌಂಡ್ ಲೂಪ್ ತುಂಡಾಗುವುದರಿಂದ ಸದ್ದು ನಿಜಕ್ಕೂ ನಿಲ್ಲುತ್ತದೆ. ಅಭ್ಯಾಸ ಉಳಿದುಬಂದಿರುವುದು ಅದಕ್ಕಾಗಿಯೇ. ಆದರೆ ಆಂಪ್ಲಿಫೈಯರಿನೊಳಗೆ ಮೇನ್ಸ್ ತಂತಿಯೊಂದು ಸಡಿಲಗೊಂಡು ಲೋಹದ ಪೆಟ್ಟಿಗೆಗೆ ತಗುಲಿದರೆ, ಅರ್ಥಿಂಗ್ ಇದ್ದಲ್ಲಿ ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದಲ್ಲಿ ಆ 230 ವೋಲ್ಟ್ ಮೈಕಿನ ಲೋಹದ ಹಿಡಿಯವರೆಗೂ ಬಂದು ನಿಲ್ಲಬಹುದು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೈಕ್ ಹಿಡಿದ ವಿದ್ಯಾರ್ಥಿಗೆ ಅದು ಪ್ರಾಣಾಂತಿಕ. ಐಸೊಲೇಟರಿನ ನಿಜವಾದ ಮಹತ್ವವಿರುವುದು ಇಲ್ಲಿ: ಅದು ಅರ್ಥಿಂಗನ್ನು ಮುಟ್ಟದೆ, ಮಾಹಿತಿಯ ತಂತಿಯಲ್ಲಿ ಮಾತ್ರ ಬಳೆಯನ್ನು ಕಡಿಯುತ್ತದೆ. ಅದು ಅರ್ಥಿಂಗ್‌ಗೆ ಬದಲಿಯಲ್ಲ. ಚಿಪ್ಪಿನ ಮೇಲೆ 5000 ವೋಲ್ಟ್ ಎಂದಿದ್ದರೂ, ಅದನ್ನು ಕೂಡಿಸಿದ ಅಗ್ಗದ ಹಲಗೆ ಮತ್ತು ಪರಿವರ್ತಕ ಅಷ್ಟನ್ನು ತಾಳುತ್ತವೆಂಬ ಖಾತರಿ ಇರುವುದಿಲ್ಲ. ಸಭಾಂಗಣದ ವಿದ್ಯುತ್ ಮಂಡಲಕ್ಕೆ 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವ ಆರ್‌ಸಿಸಿಬಿ ಅಳವಡಿಸುವುದು ಪ್ರತ್ಯೇಕವಾಗಿ ಆಗಬೇಕಾದ ಕೆಲಸ.

ಪರ್ಯಾಯಗಳು

ಕಂಪ್ಯೂಟರ್, ಮಿಕ್ಸರ್ ಮತ್ತು ಆಂಪ್ಲಿಫೈಯರನ್ನು ಅರ್ಥಿಂಗ್ ಇರುವ ಒಂದೇ ವಿಸ್ತರಣಾ ಬೋರ್ಡಿಗೆ ಜೋಡಿಸುವುದರಿಂದ ಬಳೆ ಚಿಕ್ಕದಾಗಿ ಎಷ್ಟೋ ಕಡೆ ಸದ್ದು ಕೇಳದಷ್ಟು ಇಳಿಯುತ್ತದೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರಿನ ಬ್ಯಾಲೆನ್ಸ್ಡ್ ತಂತಿಗಳು ಎರಡೂ ಎಳೆಗಳಿಗೆ ಸಮನಾಗಿ ಸೇರಿದ ಗದ್ದಲವನ್ನು ಕಳೆದುಹಾಕುತ್ತವೆ. ಬೆಳಕಿನ ಮೂಲಕ ಧ್ವನಿ ಒಯ್ಯುವ ಟಾಸ್‌ಲಿಂಕ್ ಸಂಪರ್ಕದಲ್ಲಿ ಲೋಹವೇ ಇಲ್ಲದ್ದರಿಂದ ಆ ತಂತಿಯಲ್ಲಿ ಗ್ರೌಂಡ್ ಲೂಪ್ ಹುಟ್ಟುವುದಿಲ್ಲ. ಮೌಖಿಕ ಸಾಹಿತ್ಯವನ್ನು ಮುದ್ರಿಸಲು ಹೊರಟವರಿಗೆ ಬ್ಯಾಟರಿಯಲ್ಲಿ ನಡೆಯುವ ಪ್ರತ್ಯೇಕ ಧ್ವನಿಮುದ್ರಕ ಇವೆಲ್ಲಕ್ಕಿಂತ ಸುಲಭವಾದ ದಾರಿ; ಮುದ್ರಿಸಿದ ಕಡತವನ್ನು ಆಮೇಲೆ ಕಂಪ್ಯೂಟರಿಗೆ ವರ್ಗಾಯಿಸಿಕೊಳ್ಳಬಹುದು.