ಫೋರ್ಟಿನಿಂದ ನಡೆದ ಕನ್ನಡ ಜಿಲ್ಲೆಗಳ ಕಾರಭಾರ

ಸಂಜೆ ಕಚೇರಿ ಬಿಟ್ಟು ಓವಲ್ ಮೈದಾನದ ಬದಿಯಿಂದ ಚರ್ಚ್‌ಗೇಟಿನತ್ತ ಧಾವಿಸುವ ನಮ್ಮವರಲ್ಲಿ ಎಷ್ಟು ಜನ ಅಲ್ಲಿಯ ಕಲ್ಲುಕಟ್ಟಡಗಳತ್ತ ಕಣ್ಣೆತ್ತಿ ನೋಡುತ್ತಾರೆಯೋ! ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಹಣೆಬರಹವು ಬಹುಕಾಲ ಬರೆಯಲ್ಪಟ್ಟುದು ಇಲ್ಲಿಯೇ. ಮದ್ರಾಸಿನ ಕೈಯಲ್ಲಿದ್ದ ಉತ್ತರ ಕನ್ನಡವೂ 1862ರಲ್ಲಿ ಮುಂಬಯಿಯ ಪಾಲಿಗೆ ಬಂದಿತು.

ಸರಕಾರಕ್ಕೆ ಮೂರು ಅಂಗಗಳೆಂದು ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಆ ಮೂರನ್ನೂ ಇಲ್ಲಿ ಕಾಲ್ನಡಿಗೆಯಲ್ಲಿಯೇ ನೋಡಿ ಬರಬಹುದಾಗಿದ್ದಿತು. 1874ರಲ್ಲಿ ಮುಗಿದ ಹಳೆಯ ಸೆಕ್ರೆಟೇರಿಯೆಟ್ ಕಾರ್ಯಾಂಗದ ಮನೆ; ಈಗ ಅಲ್ಲಿ ಸಿಟಿ ಸಿವಿಲ್ ನ್ಯಾಯಾಲಯವಿದೆ. ಅದರ ಸಮೀಪದಲ್ಲಿ 1878ರ ಹೈಕೋರ್ಟ್ ಕಟ್ಟಡ. ರೀಗಲ್ ಚಿತ್ರಮಂದಿರದ ಹತ್ತಿರದ ಕೌನ್ಸಿಲ್ ಹಾಲಿನಲ್ಲಿ 1928ರಿಂದ ಶಾಸಕರು ಸೇರುತ್ತಿದ್ದರು. ಈಗ ಅದು ಪೊಲೀಸ್ ಮುಖ್ಯ ಕಚೇರಿ.

ಆದರೆ ರೋಣದ ಒಬ್ಬ ರೈತನಿಗೆ ಸರಕಾರವೆಂದರೆ ಈ ಗೋಪುರಗಳಲ್ಲ. ಊರ ಗೌಡ ಮತ್ತು ಕುಲಕರ್ಣಿ. ಅವರ ಮೇಲೆ ತಾಲೂಕಿನ ಮಾಮಲೇದಾರ, ಆಮೇಲೆ ಪ್ರಾಂತ ಅಧಿಕಾರಿ, ಜಿಲ್ಲೆಗೆ ಕಲೆಕ್ಟರ. ಬ್ರಿಟಿಷರ ಕಾಲದಲ್ಲಿ ಕಲೆಕ್ಟರನ ಮೇಲೆ ದಕ್ಷಿಣ ವಿಭಾಗದ ಕಮಿಶನರನು ಬೆಳಗಾವಿಯಲ್ಲಿ ಕುಳಿತಿದ್ದನು. ಮರಾಠಿ ಮಾತಾಡುವ ರತ್ನಾಗಿರಿಯೂ ಅವನ ಕೈಕೆಳಗೇ. ಭೂಮಿಯ ತಂಟೆಯೊಂದು ಇಷ್ಟು ಮೆಟ್ಟಿಲು ಹತ್ತಿ ಫೋರ್ಟಿಗೆ ಬರುವಾಗ ಅದರ ಕನ್ನಡವು ಇಂಗ್ಲಿಷಾಗಿರುತ್ತಿದ್ದಿತು. ಮೊದಮೊದಲು ಧಾರವಾಡದ ಶಾಲೆ-ಕಚೇರಿಗಳಲ್ಲಿ ಮರಾಠಿಯದೇ ಮೇಲುಗೈ. ಡೆಪ್ಯುಟಿ ಚನ್ನಬಸಪ್ಪನವರಂಥವರು ಶಾಲೆಗಳಲ್ಲಾದರೂ ಕನ್ನಡವನ್ನು ನೆಲೆಗೊಳಿಸಲು ಹೆಣಗಿದರು. ಅವರ ಋಣ ದೊಡ್ಡದು.

1956ರ ನವೆಂಬರ್ 1ರಂದು ಈ ನಾಲ್ಕು ಜಿಲ್ಲೆಗಳು, ಬೆಳಗಾವಿಯ ಚಂದಗಡ ತಾಲೂಕನ್ನು ಮುಂಬಯಿಗೆ ಬಿಟ್ಟು, ಮೈಸೂರು ರಾಜ್ಯವನ್ನು ಸೇರಿದವು. ನಾಡೇನೋ ಒಂದಾಯಿತು, ಅಧಿಕಾರಿಗಳ ಹೆಸರು ಒಂದಾಗಲಿಲ್ಲ! ಧಾರವಾಡದಲ್ಲಿ ಮಾಮಲೇದಾರ, ಹಳೆಯ ಮೈಸೂರಿನಲ್ಲಿ ಅಮಲ್ದಾರ, ಹೈದರಾಬಾದಿನಿಂದ ಬಂದ ಜಿಲ್ಲೆಗಳಲ್ಲಿ ತಹಶೀಲ್ದಾರ. ನಮ್ಮ ಕುಲಕರ್ಣಿ ಅಲ್ಲಿ ಶಾನುಭೋಗ. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯಿದೆಯು ತೆಗೆದುಹಾಕಿತು. 1964ರ ಭೂಕಂದಾಯ ಕಾಯಿದೆಯು ಎಲ್ಲ ಕಡೆಗೂ ಒಂದೇ ವ್ಯವಸ್ಥೆಯನ್ನು ತಂದಿತು. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ವಿಭಾಗಗಳು ಇಂದಿಗೂ ಇವೆ. ಜಿಲ್ಲೆಗಳು ಮಾತ್ರ 19ರಿಂದ 31ಕ್ಕೆ ಏರಿವೆ.

ನ್ಯಾಯದ ದಾರಿ ಮಾತ್ರ ಬೇಗ ಹತ್ತಿರವಾಗಲಿಲ್ಲ. ಮೊದಲು ಅಪೀಲಿಗಾಗಿ ಮುಂಬಯಿಯ ರೈಲು ಹತ್ತುತ್ತಿದ್ದ ಧಾರವಾಡದ ಕಕ್ಷಿದಾರನು 1956ರ ತರುವಾಯ ಬೆಂಗಳೂರಿನ ರೈಲು ಹತ್ತಿದನು. ಹೈಕೋರ್ಟಿನ ಸಂಚಾರಿ ಪೀಠವು ಧಾರವಾಡಕ್ಕೆ ಬಂದುದು 2008ರಲ್ಲಿ. ಅದು ಕಾಯಂ ಆದುದು 2013ರಲ್ಲಿ.