ಬಕಲ್ ಇಲ್ಲದ ಬೂಟು

ದೊಡ್ಡವರ ಎದುರಿಗೆ ಹೋಗುವಾಗ ಚಪ್ಪಲಿಯನ್ನು ಹೊರಗೆ ಬಿಡುವುದು ನಮ್ಮ ಕಡೆಯ ಮರ್ಯಾದೆ. 18ನೆಯ ಶತಮಾನದ ಯೂರೋಪಿನ ಅರಮನೆಗಳಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ಬೂಟು ತೊಟ್ಟೇ ಹೋಗಬೇಕು, ಬೂಟಿನ ಮೇಲೆ ಬಕಲ್ ಹೊಳೆಯುತ್ತಿರಬೇಕು.

1792ರ ಮಾರ್ಚ್ ತಿಂಗಳಲ್ಲಿ ಪ್ಯಾರಿಸ್ಸಿನ ಟ್ಯೂಲರಿ ಅರಮನೆಯಲ್ಲಿ ನಡೆದ ಪ್ರಸಂಗವೊಂದನ್ನು ಕೇಳಿ. ಫ್ರಾನ್ಸಿನಲ್ಲಿ ಕ್ರಾಂತಿ ಆರಂಭವಾಗಿ ಮೂರು ವರ್ಷವಾಗುತ್ತ ಬಂದಿತ್ತು. 16ನೆಯ ಲೂಯಿ ಇನ್ನೂ ಸಿಂಹಾಸನದ ಮೇಲಿದ್ದ. ಹೊಸದಾಗಿ ಒಳಾಡಳಿತ ಮಂತ್ರಿಯಾದ ರೊಲಾಂ ಅರಸನನ್ನು ಕಾಣಲು ಬಂದ. ದುಂಡು ಟೋಪಿ, ಬೂಟಿಗೆ ಬರಿಯ ದಾರ. ಶಿಷ್ಟಾಚಾರದ ಅಧಿಕಾರಿ ಗಾಬರಿಗೊಂಡು, ಬಕಲ್ ಇಲ್ಲವೆಂದು ಇನ್ನೊಬ್ಬ ಮಂತ್ರಿ ದ್ಯುಮೂರಿಯೆಯ ಕಿವಿಯಲ್ಲಿ ಹೇಳಿದನಂತೆ. ಹಾಗಾದರೆ ಎಲ್ಲವೂ ಮುಳುಗಿತು ಎಂದನಂತೆ ದ್ಯುಮೂರಿಯೆ. ತಮಾಷೆಯ ಮಾತು. ಆದರೆ ಅದೇ ಆಗಸ್ಟ್ 10ರಂದು ಜನ ಆ ಅರಮನೆಗೆ ನುಗ್ಗಿದರು. ಮರುವರ್ಷದ ಜನವರಿ 21ರಂದು ಅರಸನ ಶಿರಚ್ಛೇದವಾಯಿತು.

ಅಷ್ಟು ದೊಡ್ಡ ಸಂಗತಿಯೇ ಈ ಬಕಲ್ ಎಂದು ನೀವು ಕೇಳಬಹುದು. ಇದು ನಮ್ಮ ಶಾಲಾ ಮಕ್ಕಳ ಬೂಟಿಗೆ ಹೊಲಿದಿರುವಂಥದ್ದಲ್ಲ. ಹಿಂಬದಿಯ ಮುಳ್ಳುಗಳಿಂದ ಬೂಟಿನ ಪಟ್ಟಿಗಳನ್ನು ಕಚ್ಚಿ ಹಿಡಿಯುವ ಬೇರೆಯೇ ಒಡವೆ. ಬೂಟು ಸವೆದರೆ ಬಿಚ್ಚಿ ಹೊಸದಕ್ಕೆ ಹಾಕಿಕೊಳ್ಳಬಹುದಿತ್ತು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ತಾನು ಬಕಲ್ ತೊಡಲು ಆರಂಭಿಸಿದ ದಿನವನ್ನು 1660ರ ಜನವರಿಯ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಶ್ರೀಮಂತರಿಗೆ ಬೆಳ್ಳಿ, ವಜ್ರ. ಉಳಿದವರಿಗೆ ಹಿತ್ತಾಳೆ, ಸಾಣೆ ಹಿಡಿದ ಉಕ್ಕು, ಗಾಜಿನ ಹರಳು. ಲೂಯಿಯ ತಮ್ಮ ಆರ್ತ್ವಾನ ಹೆಸರಿನ ಬಕಲ್ ಅಂತೂ ಪಾದವನ್ನೇ ಆವರಿಸುವಷ್ಟು ದೊಡ್ಡದು! 1789ರ ಕೊನೆಯಲ್ಲಿ ರಾಷ್ಟ್ರೀಯ ಸಭೆಯ ಸದಸ್ಯರು ಬರಿದಾದ ಬೊಕ್ಕಸಕ್ಕೆಂದು ತಮ್ಮ ಬೆಳ್ಳಿ ಬಕಲ್‌ಗಳನ್ನು ಬಿಚ್ಚಿಕೊಟ್ಟಿದ್ದರು.

ಇಂಗ್ಲೆಂಡಿನಲ್ಲಿ ಕ್ರಾಂತಿಯೇನೂ ಆಗಲಿಲ್ಲ, ಆದರೆ ದಾರದ ಫ್ಯಾಷನ್ ಅಲ್ಲಿಗೂ ಬಂತು. ಪೆಟ್ಟು ಬಿದ್ದದ್ದು ಅರಸರಿಗಲ್ಲ, ಕೈಕಸುಬಿನವರಿಗೆ. ಬರ್ಮಿಂಗ್‌ಹ್ಯಾಮ್, ವಾಲ್ಸಾಲ್, ವುಲ್ವರ್‌ಹ್ಯಾಂಪ್ಟನ್ ಊರುಗಳ ಬಕಲ್ ತಯಾರಕರು 1791ರ ಸುಮಾರಿಗೆ ಯುವರಾಜ ಜಾರ್ಜನ ಮೊರೆಹೊಕ್ಕರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸವಿಲ್ಲದೆ ಕಂಗೆಟ್ಟಿದ್ದಾರೆಂದು ಅವರ ಅಳಲು. ಯುವರಾಜ ಕನಿಕರಪಟ್ಟು ತನ್ನ ಪರಿವಾರದವರೆಲ್ಲ ಬಕಲ್ ತೊಡಬೇಕೆಂದು ಅಪ್ಪಣೆ ಮಾಡಿದ. ಉಡುಪಿನ ವಿಷಯದಲ್ಲಿ ಊರೇ ಅನುಕರಿಸುತ್ತಿದ್ದ ಮನುಷ್ಯ ಅವನು. ಈ ಸಲ ಮಾತ್ರ ಯಾರೂ ಅನುಕರಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಕಸುಬು ನೆಲಕಚ್ಚಿತು.

ಬಕಲ್ ಉಳಿದದ್ದು ಆಸ್ಥಾನದ ಉಡುಪಿನಲ್ಲಿ. ಬ್ರಿಟಿಷ್ ಪಾರ್ಲಿಮೆಂಟಿನ ಉದ್ಘಾಟನೆಯನ್ನು ಟೆಲಿವಿಷನ್ನಿನಲ್ಲಿ ತೋರಿಸುವಾಗ, ಕಾಮನ್ಸ್ ಸಭೆಯ ಬಾಗಿಲು ತಟ್ಟುವ ಬ್ಲ್ಯಾಕ್ ರಾಡ್ ಎಂಬ ಅಧಿಕಾರಿಯ ಕಾಲಿನ ಕಡೆ ಒಮ್ಮೆ ನೋಡಿ.